ಸೋಮವಾರ ಹೇಳಬೇಕಿದ್ದ ಉತ್ತರ

ಸೋಮನಾಥ್ ಬನಶಂಕರಿಯಲ್ಲಿ ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ನರಗಳ ಕಾಯಿಲೆ ಬಂದು ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಮಾತು ಹೋಯಿತು. ಉಳಿದದ್ದು ಕಣ್ಣು. ಇಟ್ಟಮಡುವಿನ ಮನೆಯಲ್ಲಿ ಅವರ ಮಂಚದೆದುರು ಒಂದು ಲ್ಯಾಪ್‌ಟಾಪ್ ಇತ್ತು. ಅದಕ್ಕೆ ಕೂರಿಸಿದ ಪುಟ್ಟ ಕ್ಯಾಮೆರಾ ಅವರ ನೋಟವನ್ನು ಹಿಂಬಾಲಿಸುತ್ತಿತ್ತು; ಅವರು ದಿಟ್ಟಿಸಿದ ಅಕ್ಷರ ಪರದೆಯ ಮೇಲೆ ಮೂಡುತ್ತಿತ್ತು. ಹೆಂಡತಿ ಶ್ರೀದೇವಿಯ ಜೊತೆ ಅವರು ಹಾಗೆಯೇ ಹರಟುತ್ತಿದ್ದರು, ಜಗಳವನ್ನೂ ಆಡುತ್ತಿದ್ದರು.

ಉಸಿರಾಟ ಸೋಲುವ ದಿನ ಬಂದರೆ ವೆಂಟಿಲೇಟರ್ ಹಾಕಬೇಕೇ ಬೇಡವೇ ಎಂದು ಡಾಕ್ಟರ್ ಚಕ್ರಪಾಣಿ ಕೇಳಿದ್ದರು. "ಹಾಕಿದ್ಮೇಲೆ ತೆಗೆಯೋದು ಸುಲಭ ಅಲ್ಲ. ಅವರೇ ಹೇಳ್ಲಿ."

ತಿಂಗಳೆಲ್ಲ ಯೋಚಿಸಿ ಸೋಮನಾಥ್ ಬರೆದರು: 'ಸೋಮವಾರ ಡಾಕ್ಟರ್ ಬಂದಾಗ ಹೇಳ್ತೀನಿ.'

"ನಂಗೆ ಮೊದ್ಲೇ ಹೇಳ್ಬಾರ್ದಾ?"

'ನೀನು ಅಳ್ತೀಯ.'

ಲ್ಯಾಪ್‌ಟಾಪು ವಾರಗಳಿಂದ ಅಪ್‌ಡೇಟ್ ಕೇಳುತ್ತಿತ್ತು. ಸೋಮವಾರ ಅದು ಕೈಕೊಡಬಾರದೆಂದು ಶ್ರೀದೇವಿ ಶನಿವಾರ ಮಧ್ಯಾಹ್ನ ಒತ್ತಿಯೇ ಬಿಟ್ಟರು. ಮೂರು ಗಂಟೆಯ ನಂತರ ಪರದೆ ಹೊಸ ಬಣ್ಣದಲ್ಲಿ ತೆರೆದುಕೊಂಡಿತು. ಕ್ಯಾಮೆರಾದ ದೀಪ ಹತ್ತಲಿಲ್ಲ.

ವೈರ್ ಕಿತ್ತು ಮತ್ತೆ ಸಿಕ್ಕಿಸಿದರು. ನಾಲ್ಕು ಸಲ ರೀಸ್ಟಾರ್ಟ್ ಮಾಡಿದರು. ಮೊಬೈಲಿನಲ್ಲಿ ಸಿಕ್ಕ ಒಂದು ವೀಡಿಯೊ, ಡಿಸ್ಕಿನಲ್ಲಿ ಜಾಗ ಖಾಲಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದಿತು. ಅದು ತೋರಿಸಿದ ಹಳೆಯ ಫೈಲುಗಳನ್ನೆಲ್ಲ ಅಳಿಸಿದರು. ಭಾನುವಾರ ಇಡೀ ದಿನ ಸೋಮನಾಥ್ ಆ ಪರದೆಯನ್ನೇ ನೋಡುತ್ತಾ ಮಲಗಿದ್ದರು.

ಸೋಮವಾರ ಬೆಳಿಗ್ಗೆ ಬಿಟಿಎಂ ಬಡಾವಣೆಯಿಂದ ರಿಪೇರಿಯ ರವಿಕುಮಾರ ಬಂದ. ವಿಜಯಪುರದ ಕಡೆಯವನು. ಅರ್ಧ ಗಂಟೆ ತಡಕಾಡಿದ.

"ಕ್ಯಾಮೆರಾ ಕಂಪನಿಯವ್ರು ಈ ಹೊಸಾ ಸಿಸ್ಟಮ್‌ಗೆ ಸಾಫ್ಟ್‌ವೇರ್ ಇನ್ನೂ ಬಿಟ್ಟಿಲ್ರೀ ಮೇಡಂ. ಅಪ್‌ಡೇಟ್ ಆದ ಹತ್ತು ದಿನದಾಗ ಆದ್ರ ಹಳೇದಕ್ಕ ಹೊಳ್ಳಿ ಹೋಗಬಹುದು." ಹುಡುಕುತ್ತಾ ಅವನ ಕೈ ನಿಂತಿತು. "ಹಳೇ ಸಿಸ್ಟಮ್ ಫೈಲ್ ಯಾರರ ಅಳಿಸ್ಯಾರೇನ್ರಿ?"

"ನಾನೇ."

ಅವನು ಅವರ ಮುಖ ನೋಡಲಿಲ್ಲ. "ಅಂಗಡಿಗೆ ಒಯ್ತೀನ್ರಿ. ಹಳೇದನ್ನ ಮೊದಲಿಂದ ಹಾಕ್ಬೇಕು. ಎರಡು ಮೂರು ದಿನ ಬೇಕಾಗ್ತದ."

ವಿಷಯ ತಿಳಿದು ಡಾಕ್ಟರು ಗುರುವಾರ ಬರುವುದಾಗಿ ಹೇಳಿದರು. ಹೂಂ ಎಂದರೆ ಒಂದು ಸಲ, ಬೇಡ ಎಂದರೆ ಎರಡು ಸಲ ಕಣ್ಣು ಮುಚ್ಚುವುದು ಗಂಡ ಹೆಂಡಿರ ಹಳೆಯ ಒಪ್ಪಂದ. ಆದರೆ ಇಷ್ಟು ದೊಡ್ಡ ಮಾತನ್ನು ರೆಪ್ಪೆಯಲ್ಲಿ ಕೇಳಲು ಶ್ರೀದೇವಿಗೆ ಮನಸ್ಸಾಗಲಿಲ್ಲ. ಎರಡು ಮೂರು ದಿನ ತಾನೇ, ಎಂದುಕೊಂಡರು.

ಮಂಗಳವಾರ ಸಂಜೆ ಜ್ವರ ಏರಿತು. ಕಫ ಕಟ್ಟಿ ಗಂಟಲು ಗೊರಗೊರ ಎನ್ನತೊಡಗಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತುಟಿ ನೀಲಿಯಾಗಿತ್ತು.

"ಈಗ್ಲೇ ಹೇಳ್ಬೇಕಮ್ಮ," ಎಂದರು ಚಕ್ರಪಾಣಿ.

ಶ್ರೀದೇವಿ ಗಂಡನ ಮುಖದ ಮೇಲೆ ಬಾಗಿದರು. "ರೀ, ಮಿಷಿನ್ ಹಾಕ್ಸ್ಲಾ?"

ರೆಪ್ಪೆ ಮುಚ್ಚಿತು. ತೆರೆಯಿತು. ಮತ್ತೆ ಇಳಿದು ಅದುರಿತು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಹೂಂ ಅಂದ್ರು ಡಾಕ್ಟ್ರೇ," ಎಂದರು ಶ್ರೀದೇವಿ.

ಸೋಮನಾಥ್ ಬದುಕಿಕೊಂಡರು. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟರು. ಎಂಟನೆಯ ದಿನ, ವಾರ್ಡಿನಲ್ಲಿ ಒಪ್ಪಿಗೆ ಸಿಕ್ಕ ಮೇಲೆ, ರವಿಕುಮಾರ ಲ್ಯಾಪ್‌ಟಾಪ್ ತಂದು ಮಂಚದೆದುರು ನಿಲ್ಲಿಸಿದ. ಹಳೆಯ ಪರದೆ, ಹಳೆಯ ಬಣ್ಣ. ಕ್ಯಾಮೆರಾದ ದೀಪ ಹತ್ತಿತು. ಪರದೆಯ ಮೂಲೆಗಳಲ್ಲಿ ಚುಕ್ಕಿ ತೋರಿಸಿ ಅವನು ನೋಟವನ್ನು ಹೊಂದಿಸಿದ. "ಸಾರ್, ಈಗ ಬರೀರಿ."

ಅಕ್ಷರಗಳು ಒಂದೊಂದಾಗಿ ಬಂದವು.

'ಎರಡು ಸಲ ಮುಚ್ಚಿದೆ.'

ಶ್ರೀದೇವಿ ಅದನ್ನು ಓದಿ ಮಂಚದ ಕಂಬಿ ಹಿಡಿದುಕೊಂಡರು. "ಗೊತ್ತಾಗ್ಲಿಲ್ಲ ರೀ."

ವೆಂಟಿಲೇಟರ್ ಉಸಿರು ತುಂಬುತ್ತಿತ್ತು, ಬಿಡುತ್ತಿತ್ತು. ಸೋಮನಾಥರ ಕಣ್ಣು ಮತ್ತೆ ಅಕ್ಷರಗಳತ್ತ ಹೊರಟಿತು.

'ಗೊತ್ತಾಗಿತ್ತು.'

ರವಿಕುಮಾರ ಚೀಲ ಹೆಗಲಿಗೆ ಹಾಕಿಕೊಂಡು ಸದ್ದಿಲ್ಲದೆ ಹೊರಗೆ ಹೋದ.

"ಹೂಂ," ಎಂದರು ಶ್ರೀದೇವಿ. "ಗೊತ್ತಾಗಿತ್ತು. ಬಾಯಿಂದ ಬೇಡ ಅನ್ನೋಕೆ ಆಗ್ಲಿಲ್ಲ."

ಸೋಮನಾಥ್ ಹೆಂಡತಿಯನ್ನು ನೋಡಿದರು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಆಮೇಲೆ ಪರದೆಯ ಮೇಲೆ ಒಂದೇ ಪದ ಮೂಡಿತು.

'ಕೂತ್ಕೋ.'

ಅವರು ಸ್ಟೂಲ್ ಎಳೆದುಕೊಂಡು ಕೂತರು.