ಎದುರಿನ ಕುರ್ಚಿ

ನಾವು ಮೂವರು ಊಟಕ್ಕೆ ಕೂತರೆ ಯಾರು ಎಲ್ಲಿ ಕೂರಬೇಕೆಂಬುದು ಹಾಸ್ಟೆಲ್ಲಿನ ದಿನಗಳಲ್ಲೇ ತೀರ್ಮಾನವಾಗಿತ್ತು. ಗೋಡೆಯ ಕಡೆ ನಾನು, ನನ್ನ ಪಕ್ಕದಲ್ಲಿ ವಕೀಲೆ, ನನ್ನ ಎದುರಿಗೆ ಮೈಕು. ವಕೀಲೆ ಆಗಿನ್ನೂ ಕರಿ ಕೋಟು ತೊಟ್ಟಿರಲಿಲ್ಲ. ಮೆಸ್ಸಿನ ನೀರು ಸಾರಿನ ವಿರುದ್ಧ ದಿನಾ ವಾದ ಮಾಡುತ್ತಿದ್ದಳು, ಅಷ್ಟೆ. ಮೈಕುವಿಗೆ ಆ ಹೆಸರು ಬಂದದ್ದು ಅವಳ ಗಂಟಲಿನಿಂದ. ಮೂರನೇ ಮಹಡಿಯಲ್ಲಿ ನಿಂತು ಅವಳು ಕೂಗಿದರೆ ಗೇಟಿನಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಎದ್ದು ನಿಲ್ಲುತ್ತಿದ್ದ. ಈಗ ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಪಾಠ ಕೇಳಿಸಲಿಲ್ಲ ಎಂದು ಸುಳ್ಳು ಹೇಳುವ ಅವಕಾಶ ಅವಳ ಕ್ಲಾಸಿನ ಕೊನೆಯ ಬೆಂಚಿಗೂ ಸಿಕ್ಕಿಲ್ಲ.

ಇಪ್ಪತ್ತಾರು ವರ್ಷಗಳ ನಂತರ, ಗಂಡ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ನಾವು ಮೂವರೇ ಎಂಟು ದಿನದ ಮಟ್ಟಿಗೆ ಪರದೇಶದ ಒಂದು ನಗರಕ್ಕೆ ಹೋದೆವು. ಮೊದಲ ದಿನದ ಊಟಕ್ಕೆ ನಾನು ಎಂದಿನಂತೆ ಗೋಡೆಯ ಕಡೆ ಕೂತೆ. ಮೈಕು ಎದುರಿನ ಕುರ್ಚಿಯನ್ನು ಬಿಟ್ಟು, ಮೇಜನ್ನು ಬಳಸಿ ಬಂದು, ನನ್ನ ಪಕ್ಕ ಕೂತಳು. ಆ ಕಡೆ ಒಂಟಿಯಾದ ವಕೀಲೆ ನಮ್ಮಿಬ್ಬರನ್ನೂ ನೋಡಿದಳು.

“ಇದೇನು, ನಾನು ನಿಮ್ಮಿಬ್ರನ್ನ ಇಂಟರ್‌ವ್ಯೂ ಮಾಡ್ಬೇಕಾ?”

ಕಿಟಕಿ ಈ ಕಡೆಯಿಂದ ಚೆನ್ನಾಗಿ ಕಾಣುತ್ತದೆ ಎಂದಳು ಮೈಕು. ಕಿಟಕಿಯಾಚೆ ಇದ್ದದ್ದು ಟ್ರಾಮಿನ ಕಂಬಿ ಮತ್ತು ಬಾಗಿಲು ಹಾಕಿದ್ದ ಒಂದು ಚಪ್ಪಲಿ ಅಂಗಡಿ.

ನನ್ನ ಕೆಲಸ ಏನೆಂದು ಕೇಳಿದವರಿಗೆ ನಾನು ಎರಡು ಸಲ ಹೇಳಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಜನರಿಗೆ ನುಂಗುವುದನ್ನು ಕಲಿಸುತ್ತೇನೆ. ಪಾರ್ಶ್ವವಾಯು ಹೊಡೆದವರು, ಗಂಟಲಿನ ಆಪರೇಷನ್ ಆದವರು, ನರಗಳ ಕಾಯಿಲೆ ಇರುವವರು ನನ್ನ ಕೋಣೆಗೆ ಬರುತ್ತಾರೆ. ಕೋಣೆಯಲ್ಲಿ ಒಂದು ಕಬ್ಬಿಣದ ಸ್ಟೂಲು, ಒಂದು ಲೋಟ ನೀರು, ಮೂರು ಅಳತೆಯ ಚಮಚಗಳು. ರೋಗಿಯ ಎದುರಿಗೆ ಕೂತು, ನನ್ನ ನಾಲ್ಕು ಬೆರಳುಗಳನ್ನು ಅವರ ಗದ್ದದ ಕೆಳಗಿನಿಂದ ಗಂಟಲಿನವರೆಗೆ ಹಗುರಾಗಿ ಇಟ್ಟು, ಒಂದು ಚಮಚ ನೀರು ಕೊಟ್ಟು ಕಾಯುತ್ತೇನೆ. ಗಂಟಲು ಮೇಲೆದ್ದು ಇಳಿದರೆ ನುಂಗಿದರೆಂದು ಲೆಕ್ಕ. ಆಮೇಲೆ ‘ಆ’ ಅನ್ನಿ ಎನ್ನುತ್ತೇನೆ. ಸ್ವರ ಒದ್ದೆಯಾಗಿ, ಗೊರಗೊರ ಎಂದು ಬಂದರೆ ನೀರು ದಾರಿ ತಪ್ಪಿದೆ.

ಇಪ್ಪತ್ತು ವರ್ಷ ಇದನ್ನೇ ಮಾಡಿ, ಯಾರು ಉಣ್ಣುತ್ತಿದ್ದರೂ ನನ್ನ ಕಣ್ಣು ತಟ್ಟೆಗೆ ಹೋಗುವುದಿಲ್ಲ, ಗಂಟಲಿಗೆ ಹೋಗುತ್ತದೆ. ಮಗಳು ನನ್ನ ಎದುರಿಗೆ ಕೂತು ತಿನ್ನಲು ಒಪ್ಪುವುದಿಲ್ಲ. ಗೆಳತಿಯರು ನನಗಿಟ್ಟ ಹೆಸರು ಪತ್ತೇದಾರಿ. ವಿಮಾನ ಹತ್ತುವ ಮೊದಲು ಮೈಕು ನನ್ನ ಕೈಯನ್ನು ತನ್ನ ಅಂಗೈ ಮೇಲೆ ಇರಿಸಿಕೊಂಡು ಮಾತು ತೆಗೆದುಕೊಂಡಿದ್ದಳು.

“ಎಂಟು ದಿನ ನಿನ್ನ ಕಣ್ಣಿಗೂ ರಜೆ. ನಮ್ಮನ್ನ ನೋಡ್ಬೇಡ, ಊರು ನೋಡು.”

ನಾನು ನಗುತ್ತಲೇ ಮಾತು ಕೊಟ್ಟೆ. ಅದನ್ನು ತಮಾಷೆ ಎಂದುಕೊಂಡೆ.

ಪಕ್ಕದಲ್ಲಿ ಕೂತವರ ಗಂಟಲು ಕಾಣುವುದಿಲ್ಲ, ನಿಜ. ಆದರೆ ಕೇಳಿಸುತ್ತದೆ. ಎರಡನೇ ದಿನ ತಿಂಡಿಯ ಹೊತ್ತಿಗೆ ಅವಳು ನೀರು ಕುಡಿದಾಗ ಒಂದು ಗುಟುಕಿಗೆ ಎರಡು ಸಲ ನುಂಗಿದ ಸದ್ದು ಬಂತು. ಆಮೇಲೆ ಸಣ್ಣ ಕೆಮ್ಮು. ಯಾರೋ ನಿನ್ನನ್ನು ನೆನೆಸಿಕೊಂಡರು ಎಂದಳು ವಕೀಲೆ. ಹತ್ತನೇ ಕ್ಲಾಸಿನವರಿರಬೇಕು, ಬೈದುಕೊಳ್ಳುತ್ತಿದ್ದಾರೆ ಎಂದಳು ಮೈಕು. ಆ ಮಾತಿನ ಕೊನೆ ಸ್ವಲ್ಪ ಒದ್ದೆಯಾಗಿತ್ತು. ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಇದ್ದೆ. ತುದಿಯಿಂದ ತುದಿಗೆ, ಮೂಲೆ ಬಿಡದಂತೆ, ಬಹಳ ಹೊತ್ತು ಸವರಿದೆ.

ಒಮ್ಮೆ ಕಂಡದ್ದನ್ನು ಕಾಣದಂತೆ ಇರುವುದು ನನಗೆ ಬರುವುದಿಲ್ಲ. ಮೂರನೇ ದಿನ ನಾವು ನದಿ ದಂಡೆಯ ಗೋಪುರ ಹತ್ತಿದೆವು. ಎಲ್ಲಿ ಮೆಟ್ಟಿಲು ಕಂಡರೂ ಗಟ್ಟಿಯಾಗಿ ಎಣಿಸುವುದು ಮೈಕುವಿನ ಚಾಳಿ. ಹಿಂದೆ ಮುಂದೆ ಇದ್ದವರೆಲ್ಲ ಅವಳ ಲೆಕ್ಕಕ್ಕೆ ಹೆಜ್ಜೆ ಹಾಕುವಂತಾಗುತ್ತಿತ್ತು. ಅಂದು ಅವಳು ವಕೀಲೆಗೆ ಎಣಿಸಲು ಹೇಳಿ ತಾನು ಬೆರಳು ಮಡಿಸುತ್ತಾ ಹತ್ತಿದಳು. ವಕೀಲೆ ನೂರ ಎಂಬತ್ತರಲ್ಲಿ ಲೆಕ್ಕ ತಪ್ಪಿ, ಇದು ಮೇಲಿನ ಕೋರ್ಟಿಗೆ ಹೋಗಬೇಕಾದ ವಿಷಯ ಎಂದಾಗ ಮೈಕು ನಕ್ಕಳು. ಅಷ್ಟು ನಗುವ ಮಾತಾಗಿರಲಿಲ್ಲ ಅದು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು, ಗೋಡೆ ಹಿಡಿದು ನಿಂತಳು. ತಡೆಯಲಾಗದ ಇಂಥ ನಗುವನ್ನು ನಾನು ನನ್ನ ಕೋಣೆಗೆ ಬರುವ ನರಗಳ ಕಾಯಿಲೆಯವರಲ್ಲಿ ನೋಡಿದ್ದೇನೆ.

ಮೇಲೆ ಹೋದ ಮೇಲೆ ಇಡೀ ನಗರ ಕಾಣಿಸಿತು. ಕೆಂಪು ಹೆಂಚು, ಸೇತುವೆಗಳು, ಆಟಿಕೆಯಂತೆ ತಿರುಗುವ ಟ್ರಾಮು. ನಾನು ಅವಳ ಫೋಟೋ ತೆಗೆಯುವ ನೆಪದಲ್ಲಿ ಅವಳ ಕತ್ತನ್ನು ನೋಡಿದೆ. ಕೊರಳ ಎಲುಬುಗಳು ಎದ್ದು ಕಾಣುತ್ತಿದ್ದವು. ಆಗ ನನಗೆ ಇನ್ನೊಂದು ಹೊಳೆಯಿತು: ನಾಲ್ಕೈದು ತಿಂಗಳಿಂದ ಅವಳು ಫೋನು ಮಾಡಿರಲಿಲ್ಲ, ಬರೀ ಮೆಸೇಜು ಕಳಿಸುತ್ತಿದ್ದಳು. ಟೈಪು ಮಾಡುವುದೆಂದರೆ ಉರಿದು ಬೀಳುತ್ತಿದ್ದ ಮೈಕು.

ನರಗಳು ಸ್ನಾಯುಗಳನ್ನು ಒಂದೊಂದಾಗಿ ಕೈಬಿಡುವ ಕಾಯಿಲೆಯೊಂದಿದೆ. ಕೆಲವರಿಗೆ ಅದು ಕೈಕಾಲಿನಿಂದ ಶುರುವಾಗುತ್ತದೆ, ಕೆಲವರಿಗೆ ನಾಲಿಗೆ ಗಂಟಲಿನಿಂದ. ಮೊದಲು ಮಾತು ಮಂದವಾಗುತ್ತದೆ, ಆಮೇಲೆ ನೀರು, ಆಮೇಲೆ ಅನ್ನ. ಅದಕ್ಕೆ ಮದ್ದಿಲ್ಲ. ಗಂಟಲಿನಿಂದ ಶುರುವಾದವರಿಗೆ ಹೆಚ್ಚು ವರ್ಷಗಳೂ ಸಿಗುವುದಿಲ್ಲ. ಗೋಪುರದ ತುದಿಯಲ್ಲಿ ಗಾಳಿಗೆ ಸೆರಗು ಹಿಡಿದುಕೊಂಡು ನಿಂತು ನಾನು ಇಷ್ಟನ್ನೂ ಯೋಚಿಸಿದೆ, ಯೋಚಿಸಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಹೇಳಬೇಕೇ, ಬಿಡಬೇಕೇ? ಅವಳಿಗೆ ಗೊತ್ತಿಲ್ಲದಿದ್ದರೆ, ಹೇಳಿ ಈ ಎಂಟು ದಿನವನ್ನು ನಾನು ಹಾಳು ಮಾಡಿದಂತೆ. ಹೇಳದೆ ಉಳಿದು, ಅವಳು ಇಲ್ಲೇ ಎಲ್ಲಾದರೂ ಉಸಿರು ಕಟ್ಟಿಕೊಂಡರೆ? ಐದನೇ ದಿನ, ಮೈಕು ಸ್ನಾನಕ್ಕೆ ಹೋದಾಗ ವಕೀಲೆಯ ಕಿವಿಗೆ ಹಾಕಿದೆ. ಅವಳು ಮಂಚದ ಮೇಲೆ ಸೀರೆ ಮಡಿಸುತ್ತಿದ್ದಳು. ಮೈಕು ಸಣ್ಣಗಾದದ್ದನ್ನು ತಾನೂ ನೋಡಿದ್ದಾಗಿಯೂ, ಕೇಳಿದ್ದಕ್ಕೆ ಅವಳು ಡಯೆಟ್ ಅಂದದ್ದಾಗಿಯೂ ಹೇಳಿದಳು. ಆಮೇಲೆ ನನ್ನನ್ನೇ ವಿಚಾರಣೆಗೆ ನಿಲ್ಲಿಸಿದಳು.

“ನೀನು ಎಲ್ರಲ್ಲೂ ಕಾಯಿಲೆ ಹುಡುಕ್ತೀಯ ಕಣೇ. ಹೋದ ವರ್ಷ ನನ್ನ ಒಣಕೆಮ್ಮಿಗೆ ಎದೆ ಸ್ಕ್ಯಾನ್ ಮಾಡ್ಸಿದ್ಯಲ್ಲ, ಏನು ಬಂತು?”

ಏನೂ ಬಂದಿರಲಿಲ್ಲ. ಅದು ನಿಜವೇ. ನನ್ನ ಭಯಗಳಲ್ಲಿ ಹತ್ತಕ್ಕೆ ಒಂಬತ್ತು ಸುಳ್ಳಾಗುತ್ತವೆ, ಆ ಲೆಕ್ಕದ ಮೇಲೇ ನನ್ನ ಮನೆಯವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಇದೂ ಆ ಒಂಬತ್ತರಲ್ಲಿ ಒಂದಾಗಿರಲಿ ಎಂದುಕೊಂಡೆ.

ಆರನೇ ದಿನ ಮಧ್ಯಾಹ್ನ, ಊರಿಗೆ ಬಂದವರೆಲ್ಲ ತಿನ್ನಲೇಬೇಕೆಂಬ ಐಸ್‌ಕ್ರೀಮ್ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. ಐಸ್‌ಕ್ರೀಮನ್ನು ನಾನು ನನ್ನ ರೋಗಿಗಳಿಗೆ ಕೊಡಿಸುವುದಿಲ್ಲ. ನೋಡಲು ಗಟ್ಟಿ, ಬಾಯೊಳಗೆ ಹೋದರೆ ನೀರು. ನುಂಗಲು ತಡವಾದಷ್ಟೂ ಕರಗಿ, ಹೇಳದೆ ಕೇಳದೆ ಒಳಗೆ ಜಾರುತ್ತದೆ. ಮೈಕುವಿಗೆ ಬೇಡವೆನ್ನಲು ಒಂದು ನೆಪ ಹುಡುಕುತ್ತಿದ್ದೆ. ನೆಪ ಸಿಗುವ ಮೊದಲೇ ಅವಳ ಕೈಗೆ ಐಸ್‌ಕ್ರೀಮಿನ ಕಪ್ ಬಂದಿತ್ತು.

ಮೂರನೆಯ ಚಮಚ ನೆತ್ತಿಗೆ ಹತ್ತಿತು. ಅದು ಕೆಮ್ಮಾಗಿರಲಿಲ್ಲ. ಕೆಮ್ಮು ಬರಬೇಕಾದಲ್ಲಿ ಸದ್ದೇ ಇರಲಿಲ್ಲ. ಬಾಯಿ ತೆರೆದಿತ್ತು, ಮುಖ ಕಪ್ಪಾಗುತ್ತಿತ್ತು. ನಾನು ನನ್ನ ಐಸ್‌ಕ್ರೀಮನ್ನು ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ಅವಳ ಹಿಂದೆ ಹೋಗಿ ಎದೆಗೆ ಅಡ್ಡ ಕೈ ಕೊಟ್ಟು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಲವಾಗಿ ಹೊಡೆದೆ. ಕಲ್ಲು ಹಾಸಿನ ಮೇಲೆ ಗುಲಾಬಿ ಬಣ್ಣದ ನೀರು ಬಿತ್ತು. ಉಸಿರು ಬಂತು. ವಕೀಲೆ ಓಡಿ ನೀರಿನ ಬಾಟಲಿ ತಂದಳು. ಮೈಕು ಅದನ್ನು ಬಾಯಿಗಿಟ್ಟಳು. ಕುಡಿಯುವಾಗ ಗದ್ದವನ್ನು ಎದೆಗೆ ತಾಗುವಷ್ಟು ಕೆಳಗಿಳಿಸಿದಳು, ಉಸಿರು ಹಿಡಿದಳು, ನುಂಗಿದಳು, ಬೇಕೆಂದೇ ಒಮ್ಮೆ ಕೆಮ್ಮಿ ಮತ್ತೆ ನುಂಗಿದಳು.

ಬಾಯಾರಿದವರು ಯಾರೂ ಹಾಗೆ ನೀರು ಕುಡಿಯುವುದಿಲ್ಲ. ಅದು ಕಲಿಸಿದರೆ ಮಾತ್ರ ಬರುವಂಥದ್ದು. ಗದ್ದ ಕೆಳಗೆ, ಉಸಿರು ಹಿಡಿ, ನುಂಗು, ಕೆಮ್ಮು, ಮತ್ತೆ ನುಂಗು: ದಿನಕ್ಕೆ ಹತ್ತು ಸಲ ನಾನು ಹೇಳಿಕೊಡುವ ಪಾಠ. ಯಾವುದೋ ಊರಿನಲ್ಲಿ, ನನ್ನಂಥದೇ ಒಂದು ಕೋಣೆಯಲ್ಲಿ, ಕಬ್ಬಿಣದ ಸ್ಟೂಲಿನ ಮೇಲೆ ಕೂತ ಯಾರೋ ಒಬ್ಬಳು ಅದನ್ನು ಮೈಕುವಿಗೆ ಕಲಿಸಿದ್ದಳು.

ಅವಳು ಬಾಟಲಿ ಇಳಿಸಿ ನನ್ನನ್ನು ನೋಡಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. ಆ ಸಂಜೆ ತಲೆನೋವೆಂದು ರೂಮಿನಲ್ಲೇ ಉಳಿದಳು, ಮಾರನೆಯ ದಿನವಿಡೀ ವಕೀಲೆಯ ಜೊತೆಯೇ ಮುಂದೆ ಮುಂದೆ ನಡೆದಳು. ನಾನು ಹಿಂದಿನಿಂದ ಹೋದೆ. ಒಂದು ಅರಮನೆ ನೋಡಿದೆವಂತೆ; ಫೋಟೋಗಳಿವೆ.

ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ರೈಲು ನಿಲ್ದಾಣದ ಪಕ್ಕದ ಹೋಟೆಲ್ಲಿಗೆ ಹೋದೆವು. ಲಾಕರಿನಲ್ಲಿಟ್ಟ ಪೆಟ್ಟಿಗೆಗಳನ್ನು ತರುತ್ತೇನೆಂದು ವಕೀಲೆ ಹೋದಳು. ನಾನು ಗೋಡೆಯ ಕಡೆ ಕೂತೆ. ಮೈಕು ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಎದುರಿನ ಕುರ್ಚಿ ಎಳೆದು ಕೂತಳು.

“ಯಾರ ಹತ್ರ ತೋರಿಸ್ದೆ?” ಎಂದು ಕೇಳಿದೆ. ಏನಾಗಿದೆ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು ಅದು. ನನಗೇ ನಾಚಿಕೆಯಾಯಿತು.

ಮೂರು ತಿಂಗಳಾಯಿತು ಎಂದಳು. ದೊಡ್ಡ ಆಸ್ಪತ್ರೆಗೆ ಹೋಗಿದ್ದಳಂತೆ. ಕಾಯಿಲೆಯ ಹೆಸರನ್ನು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ನಾಲಿಗೆಯಿಂದ ಎತ್ತಿಡುವಂತೆ ಹೇಳಿದಳು. ನಾನು ಅಂದುಕೊಂಡಿದ್ದೇ ಅದು. ಗಂಡನಿಗೆ ಗೊತ್ತು, ಶಾಲೆಗೆ ಇನ್ನೂ ಹೇಳಿಲ್ಲ. ಬೆಳಗಿನ ಎರಡು ಪೀರಿಯಡ್ಡು ಹೇಗೋ ಆಗುತ್ತದೆ, ಮಧ್ಯಾಹ್ನದ ಮೇಲೆ ಬೋರ್ಡಿನ ಮೇಲೆ ಬರೆದೇ ಕಳೆಯುತ್ತಾಳೆ. ಮಕ್ಕಳು ಪಾಪ, ಪಿಸುಮಾತೂ ಆಡುವುದಿಲ್ಲವಂತೆ.

“ನನ್ನ ಹತ್ರ ಯಾಕೆ ಬರ್ಲಿಲ್ಲ?”

“ಇಷ್ಟು ವರ್ಷ ನಿನ್ನ ಎದುರಿಗೆ ಕೂತು ಊಟ ಮಾಡಿದೀನಿ. ನೀನು ಸ್ಟೂಲ್ ಹಾಕ್ಕೊಂಡು ನನ್ನ ಎದುರಿಗೆ ಕೂರೋದು ಬೇಡ ಅನ್ನಿಸ್ತು.” ಉಸಿರು ತೆಗೆದುಕೊಂಡಳು. “ಎಂಟು ದಿನ ಆದ್ರೂ ಸುಮ್ನೆ ತಿನ್ನೋಣ ಅಂತ ಬಂದೆ ಕಣೇ.”

ಆ ಎಂಟು ದಿನವನ್ನು ಅವಳಿಗೆ ಕೊಡಲು ನನ್ನಿಂದ ಆಗಿರಲಿಲ್ಲ. ಎರಡನೇ ದಿನವೇ ಕಿತ್ತುಕೊಂಡಿದ್ದೆ, ಅದೂ ಅವಳಿಗೆ ಗೊತ್ತಿತ್ತು. ತಪ್ಪಾಯಿತು ಎಂದೆ. ಅವಳು ಕೈಯಾಡಿಸಿ ಅದನ್ನು ತಳ್ಳಿಹಾಕಿದಳು.

ಸೂಪು ಬಂತು. ಗಟ್ಟಿ ಕುಂಬಳಕಾಯಿ ಸೂಪು. ಇದಾದರೆ ಪರವಾಗಿಲ್ಲ ಎಂದು ಅವಳೇ ಹೇಳಿ ತರಿಸಿದ್ದಳು. ಚಮಚವನ್ನು ಬಟ್ಟಲಿನ ಅಂಚಿಗೆ ಆನಿಸಿಟ್ಟು, ಕೊರಳಿಗೆ ಸುತ್ತಿದ್ದ ದುಪಟ್ಟಾ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

“ಈಗ ನೋಡು. ಇನ್ನೆಷ್ಟು ದಿನ ಬಾಯಲ್ಲಿ ತಿನ್ಬಹುದು ಹೇಳು. ಡಾಕ್ಟ್ರು ಸುತ್ತಿ ಬಳಸಿ ಹೇಳ್ತಾರೆ. ನನಗೆ ಲೆಕ್ಕ ಬೇಕು.”

ಇಂಥ ಪ್ರಶ್ನೆಗೆ ನನ್ನ ಬಳಿ ಉತ್ತರಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಥರ, ಈಗಲೇ ಹೇಳಲಾಗದು, ಮೆತ್ತಗಿನ ಊಟ, ಆಮೇಲೆ ಬೇಕಾದರೆ ಹೊಟ್ಟೆಗೆ ಕೊಳವೆ. ಯಾವ ಪದ ನೋಯಿಸುತ್ತದೆ, ಯಾವುದು ಕಡಿಮೆ ನೋಯಿಸುತ್ತದೆ ಎಂದು ತೂಗಿ ತೂಗಿ ಜೋಡಿಸಿದ ಮಾತುಗಳು. ಅವುಗಳಲ್ಲಿ ಒಂದೂ ಅವಳ ಮುಖಕ್ಕೆ ಹೇಳುವಂತಿರಲಿಲ್ಲ. ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಮೇಜಿನ ಮೇಲಿನಿಂದ ಕೈ ಚಾಚಿ, ನಾಲ್ಕು ಬೆರಳನ್ನು ಅವಳ ಗದ್ದದ ಕೆಳಗೆ ಇಟ್ಟೆ. ಚರ್ಮ ತಣ್ಣಗಿತ್ತು. ಪಕ್ಕದ ಮೇಜಿನವರು ನಮ್ಮನ್ನೊಮ್ಮೆ ನೋಡಿ ತಿರುಗಿಕೊಂಡರು.

ಅವಳು ಒಂದು ಚಮಚ ಬಾಯಿಗಿಟ್ಟುಕೊಂಡು ಗದ್ದ ಇಳಿಸಿದಳು. ಒಂದು, ಎರಡು ಎಂದು ಮನಸ್ಸಿನಲ್ಲಿ ಎಣಿಸಿದೆ. ಮೂರಕ್ಕೆ ಗಂಟಲು ಎದ್ದಿತು, ಅರ್ಧ ದಾರಿಗೆ ನಿಂತಿತು, ಇಳಿಯಿತು. ಮತ್ತೊಮ್ಮೆ ಎದ್ದಿತು.

“ಆ ಅನ್ನು” ಎಂದೆ.

ಅವಳು ಆ ಎಂದಳು. ಗೇಟಿನ ಕಾವಲುಗಾರನನ್ನು ಎಬ್ಬಿಸುತ್ತಿದ್ದ ಸ್ವರ. ಅದು ಮೇಜನ್ನು ದಾಟಿ ನನ್ನವರೆಗೆ ಬರುವಷ್ಟರಲ್ಲಿ ಒದ್ದೆಯಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆ ಬರೆದ ಮಗು ಮೇಷ್ಟ್ರ ಕೆಂಪು ಪೆನ್ನನ್ನು ನೋಡುವಂತೆ.

ಆಗ ಮೂರು ಪೆಟ್ಟಿಗೆಗಳ ಚಕ್ರದ ಸದ್ದಿನೊಂದಿಗೆ ವಕೀಲೆ ಬಂದಳು. ನಮ್ಮನ್ನು ಹಾಗೆ ನೋಡಿ ಅಲ್ಲೇ ನಿಂತಳು. ಸ್ಕ್ಯಾನಿನ ಮಾತು ಅವಳಿಗೂ ನೆನಪಾಗಿರಬೇಕು.

“ಕೂತ್ಕೋ,” ಎಂದಳು ಮೈಕು. “ಪತ್ತೇದಾರಿ ಡ್ಯೂಟಿ ಮೇಲಿದ್ದಾಳೆ.”

ವಕೀಲೆ ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿ, ಸದ್ದಾಗದಂತೆ ಬಂದು, ನನ್ನ ಪಕ್ಕದಲ್ಲಿ, ತನ್ನ ಹಳೆಯ ಜಾಗದಲ್ಲಿ ಕೂತಳು. ಮೈಕು ಮತ್ತೆ ಚಮಚ ತುಂಬಿದಳು. ನನ್ನ ಕೈ ಇನ್ನೂ ಅವಳ ಗಂಟಲ ಮೇಲೆಯೇ ಇತ್ತು.

“ಅಷ್ಟು ಬೇಡ,” ಎಂದೆ. “ಅರ್ಧ ಚಮಚ.”

ಅವಳು ಅರ್ಧವನ್ನು ಬಟ್ಟಲಿಗೆ ಮರಳಿ ಸುರಿದಳು.