ದೇವೀರಮ್ಮನ ಮೊರ

ಧರ್ಮ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕುವಾಗ ಒಳಗಿದ್ದ ಮಗಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ಒಂದ್ ಗಂಟೆ ಅಷ್ಟೇ, ಸುಚಿ. ಮಣ್ಣು ಮಾಡಿ ಬಂದ್‌ಬುಡ್ತೀನಿ. ಟೀವಿ ನೋಡ್ತಿರು.”

“ಆಯಮ್ಮಂಗೆ ನಾನೂ ಅಕ್ಕಿ ಹಾಕ್ಬೇಕು,” ಎಂದಳು ಸುಚಿತ್ರಾ. ಒಂಬತ್ತು ವರ್ಷದ ಹುಡುಗಿ. ಬಾಗಿಲ ಹಿಂದೆಯೂ ದನಿ ಏರಿಸಲಿಲ್ಲ.

“ಜನ ಜಾಸ್ತಿ ಐತೆ. ಬೇಡ.”

ಜನ ಜಾಸ್ತಿ ಇದ್ದದ್ದು ನಿಜ. ಕೊಯ್ಲಿನ ದಿನಗಳಾದರೂ ಎಸ್ಟೇಟಿನವರು ಮಧ್ಯಾಹ್ನದ ತನಕ ರಜೆ ಕೊಟ್ಟಿದ್ದರು. ಹೆತ್ತೂರಿನ ಕಡೆಯ ಕೂಲಿ ಲೈನುಗಳಿಂದಲೂ ಹೆಂಗಸರು ಜೀಪಿನಲ್ಲಿ ಬಂದಿದ್ದರು. ಮೂವತ್ತಮೂರು ವರ್ಷ ಎಸ್ಟೇಟಿನ ಶಿಶುವಿಹಾರ ನೋಡಿಕೊಂಡಿದ್ದ ದೇವೀರಮ್ಮ, ಹೊಟ್ಟೆಯಲ್ಲಿ ಒಂದೂ ಮಗು ಹುಟ್ಟದ ದೇವೀರಮ್ಮ, ಲೈನಿನ ಕೊನೆಯ ಮನೆಯ ಜಗಲಿಯಲ್ಲಿ ಮಲಗಿದ್ದಳು. ಧರ್ಮನ ಹೆಂಡತಿ ಗಂಗಾಮಣಿ ಅವಳ ಕಾಲಿಗೆ ಅರಿಸಿನ ಹಚ್ಚುತ್ತಿದ್ದಳು.

“ಸುಚಿ ಎಲ್ಲಿ?” ಎಂದಳು ತಲೆಯೆತ್ತದೆ.

“ಮಲಗೈತೆ.”

ಅಂಗಳದಲ್ಲಿ ಮುದುಕ ಲಕ್ಕಯ್ಯ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ. ಧರ್ಮ ಹೋಗಿ ಹಗ್ಗದ ಇನ್ನೊಂದು ತುದಿ ಹಿಡಿದ.

“ಯಾವ ಮಗ ಬೋರಲು ಮಲಗ್ತದೆ, ಯಾವುದಕ್ಕೆ ಬೆನ್ನು ತಟ್ಬೇಕು, ಎಲ್ಲಾ ಅವಳಿಗೆ ಬಾಯಿಪಾಠ ಕಣೋ,” ಎಂದ ಲಕ್ಕಯ್ಯ. “ನೀನು ಐದು ವರ್ಷದ ತನ್ಕ ಬೆರ್ಳು ಚೀಪ್ತಿದ್ದೆ. ಬೇವು ತೇದು ಹಚ್ಚಿ ಬಿಡ್ಸಿದ್ಲು. ನೀನು ಬೇವನ್ನೂ ಚೀಪ್ಬುಟ್ಟೆ!”

ನಾಲ್ಕು ಜನ ನಕ್ಕರು. ಧರ್ಮನೂ ನಕ್ಕ.

“ಎಲ್ಲಾ ಸರಿ ಮಾರಾಯ,” ಎಂದ ಬಿದಿರು ಸೀಳುತ್ತಿದ್ದ ರಾಮಯ್ಯ. “ಕೊನೇಗಾಲದಲ್ಲಿ ಯಾಕ್ ಬೇಕಿತ್ತು ಆ ಕೋರ್ಟಿನ ಉಸಾಬರಿ? ಇದ್ದ ಕೆಲ್ಸಾನೂ ಹೋಯ್ತು.”

ಧರ್ಮ ಹಗ್ಗವನ್ನು ಇನ್ನಷ್ಟು ಬಿಗಿದ.

*

ಮೂರು ವಾರದ ಹಿಂದೆ ಹಾಸನದಲ್ಲಿ ಸರ್ಕಾರಿ ವಕೀಲೆ ತಮ್ಮ ಕೋಣೆಯಲ್ಲಿ ಸುಚಿತ್ರಾಳಿಗೆ ಒಂದು ವಿಡಿಯೋ ತೋರಿಸಿದ್ದರು. ಹೋದ ವರ್ಷ ಮ್ಯಾಜಿಸ್ಟ್ರೇಟರ ಮುಂದೆ ಅವಳೇ ಕೊಟ್ಟ ಹೇಳಿಕೆ ಅದು. ವಿಚಾರಣೆಗೆ ಮುಂಚೆ ಮಗುವಿಗೆ ಎಲ್ಲ ನೆನಪಿರಲಿ ಎಂದು. ಧರ್ಮ ಕುರ್ಚಿಯ ಹಿಂದೆ ನಿಂತಿದ್ದ. ಹೇಳಿಕೆಯ ದಿನ ಅವನು ಹೋಗಿರಲಿಲ್ಲ. “ಅಪ್ಪ ಜೊತೇಲಿದ್ರೆ ಮಗೀಗೆ ಧೈರ್ಯ, ಬಾರೋ,” ಎಂದು ದೇವೀರಮ್ಮ ಬೆಳಗ್ಗೆಯೇ ಬಂದು ಕರೆದಿದ್ದಳು. ಔಷಧಿ ಹೊಡೆಯೋದಿದೆ ಎಂದು ತೋಟಕ್ಕೆ ಹೋಗಿಬಿಟ್ಟಿದ್ದ. ಒಳಗೆ ನಿನ್ನ ಜೊತೆ ಯಾರಿರಲಿ ಎಂದು ಕೇಳಿದಾಗ ಸುಚಿತ್ರಾ ದೇವೀರಮ್ಮನತ್ತ ಬೆರಳು ತೋರಿಸಿದಳಂತೆ. ಗಂಗಾಮಣಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಪರದೆಯ ಮೇಲೆ ಸುಚಿತ್ರಾಳ ತೊಡೆಯಲ್ಲಿ ಒಂದು ಮೊರ, ಅದರಲ್ಲಿ ಕಾಫಿ ಬೀಜ. ದೇವೀರಮ್ಮ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದಿದ್ದಳು. ಮೊರಕ್ಕೂ ಟಿಕೆಟ್ ತಗೋ ಎಂದು ಕಂಡಕ್ಟರ್ ರೇಗಿಸಿದನಂತೆ. ಮಕ್ಕಳು ಕೈ ಖಾಲಿ ಇಟ್ಟುಕೊಂಡು ಮಾತಾಡುವುದಿಲ್ಲ ಎಂಬುದು ಅವಳ ಮಾತು. ಶಿಶುವಿಹಾರದಲ್ಲಿ ಅಳುವ ಮಗುವಿನ ಮುಂದೆ ಅವಳು ಏನೂ ಕೇಳದೆ ಮೊರ ಇಡುತ್ತಿದ್ದಳು. ಕಪ್ಪು ಬೀಜ ಆರಿಸುತ್ತ ಆರಿಸುತ್ತ ಮಗು ತಾನೇ ಬಾಯಿ ಬಿಡುತ್ತಿತ್ತು. ಸುಚಿತ್ರಾ ಕಾಫಿ ಸ್ಟೋರಿನ ಮೇಸ್ತ್ರಿ ರವಿಚಂದ್ರ ಮಾಡಿದ್ದನ್ನು ಅವಳಿಗೆ ಹೇಳಿದ್ದೂ ಹಾಗೆಯೇ. ಮಾರನೇ ದಿನವೇ ದೇವೀರಮ್ಮ ಗಂಗಾಮಣಿಯನ್ನು ಕರೆದುಕೊಂಡು ಸ್ಟೇಷನ್‌ಗೆ ಹೋಗಿದ್ದಳು.

ವಿಡಿಯೋದಲ್ಲಿ ಬೀಜ ಸರಿಯುವ ಸಣ್ಣ ಸದ್ದು. ಅಂಚಿನಲ್ಲಿ ದೇವೀರಮ್ಮನ ಮೊಣಕೈ ಮಾತ್ರ ಕಾಣುತ್ತಿತ್ತು.

“ಮೊದಲು ಯಾರಿಗೆ ಹೇಳಿದೆ ಪುಟ್ಟಾ?” ಮ್ಯಾಜಿಸ್ಟ್ರೇಟ್ ಮೇಡಂ ದನಿ.

“ಅಪ್ಪಂಗೆ.”

“ಅಪ್ಪ ಏನಂದ್ರು?”

ಪುಟ್ಟ ಕೈ ನಿಂತಿತು. ಆಮೇಲೆ ಒಂದು ಕಪ್ಪು ಬೀಜ ಹೆಕ್ಕಿ ಬದಿಗಿಟ್ಟಿತು. “ಮೇಸ್ತ್ರಿ ಕೈಕೆಳ್ಗೆ ಕೆಲ್ಸ ಮಾಡೋರು ನಾವು. ಯಾರಿಗೂ ಹೇಳ್ಬೇಡ, ಹೋಗಿ ಆಡ್ಕೊ ಅಂದ್ರು.”

ವಕೀಲೆ ಹಿಂತಿರುಗಿ ಧರ್ಮನನ್ನು ನೋಡಲಿಲ್ಲ. ನೋಡಬಾರದೆಂದೇ ಏನನ್ನೋ ಬರೆದುಕೊಂಡರು.

ಅಂದು ಬಸ್‌ಸ್ಟಾಂಡಿನಲ್ಲಿ ಅವನು ಮಗಳಿಗೆ ಕ್ರೀಮ್ ಬನ್ ಕೊಡಿಸಿದ. ಅರ್ಧ ತಿಂದು ಅವಳೇ ಅಂದಳು: “ಅಮ್ಮಂಗೆ ಹೇಳಲ್ಲ ಬಿಡಪ್ಪ.”

*

“ಹೆತ್ತೋರಿಗೇ ಗೊತ್ತಿಲ್ದಿರೋದು ಇವಳಿಗೆ ಹೆಂಗೆ ಗೊತ್ತಾಯ್ತು?” ರಾಮಯ್ಯ ಮುಂದುವರಿಸಿದ. “ಸತ್ತೋರ್ನ ಅನ್ಬಾರ್ದು. ಆದ್ರೂ ಮೇಸ್ತ್ರಿ ಹೇಳೋದ್ರಲ್ಲೂ ಏನೋ ಐತೆ. ಅವಳಿಗೂ ಅವನಿಗೂ ಆಗ್ತಿರ್ಲಿಲ್ಲ. ಮಗೀಗೆ ಹೇಳ್ಕೊಟ್ಟು ಗಿಣಿ ತರ ಒಪ್ಪಿಸ್ಬುಟ್ಲು ಅಂತಾನೆ. ಜಾಮೀನ್ ತಗೊಂಡು ದೋಣಿಗಲ್ಲಿನಾಗೆ ಕೂತವ್ನಲ್ಲ, ಸಿಕ್ಕಿದೋರಿಗೆಲ್ಲ ಅದೇ ಹೇಳ್ತಾನೆ.”

“ಸುಮ್ಕಿರೋ, ಹೆಣ ಇನ್ನೂ ಅಂಗಳ ದಾಟಿಲ್ಲ,” ಎಂದ ಲಕ್ಕಯ್ಯ. ಆದರೆ ಇಲ್ಲ ಎನ್ನಲಿಲ್ಲ. ಯಾರೂ ಅನ್ನಲಿಲ್ಲ.

ಒಂದು ವರ್ಷದಿಂದ ಲೈನು ಹೀಗೆಯೇ ಮಾತಾಡಿತ್ತು. ಒಂದು ವರ್ಷದಿಂದ ದೇವೀರಮ್ಮ ನಲ್ಲಿಯ ಹತ್ತಿರ ಕೊಡ ಹಿಡಿದು ಇದನ್ನೆಲ್ಲ ಕೇಳಿಸಿಕೊಂಡು ನಿಲ್ಲುತ್ತಿದ್ದಳು. ಅಪ್ಪಂಗೆ ಎಂದು ಮಗು ಹೇಳಿದ್ದನ್ನು ಆ ಕೋಣೆಯಲ್ಲಿ ಕೂತು ಕೇಳಿದವಳು ಅವಳು. ಒಂದು ಮಾತು ಆಡಿದ್ದರೆ ಅವಳ ಮೇಲಿನ ಆಪಾದನೆ ಧರ್ಮನ ತಲೆಗೆ ಬರುತ್ತಿತ್ತು. ಎದುರು ಸಿಕ್ಕಾಗಲೆಲ್ಲ “ಉಂಡೇನೋ?” ಎಂದಷ್ಟೇ ಕೇಳುತ್ತಿದ್ದಳು.

“ಯಾರೂ ಹೇಳ್ಕೊಟ್ಟಿಲ್ಲ,” ಎಂದ ಧರ್ಮ.

ಹಗ್ಗ ಕೆಳಗಿಟ್ಟ. ರಾಮಯ್ಯ ಕತ್ತಿ ನಿಲ್ಲಿಸಿದ.

“ಮಗ ಮೊದ್ಲು ನಂಗೇ ಹೇಳಿತ್ತು. ಸುಮ್ನಿರು ಅಂದೋನು ನಾನೇ. ಆಮೇಲೆ ಹೋಗಿ ಇವಳಿಗೆ ಹೇಳ್ತು.”

ಜಗಲಿಯಲ್ಲಿ ಗಂಗಾಮಣಿಯ ಕೈ ಹೆಣದ ಪಾದದ ಮೇಲೆ ನಿಂತಿತು. ಅವಳು ತಿರುಗಿ ನೋಡುತ್ತಾಳೆಂದು ಧರ್ಮ ಕಾದ. ಅವಳು ತಿರುಗಲಿಲ್ಲ. ಅರಿಸಿನದ ಬಟ್ಟಲು ಬದಿಗಿಟ್ಟು ಕೇಳಿದಳು:

“ಮಗ ನಿಜಕ್ಕೂ ಮಲಗೈತಾ?”

“ಇಲ್ಲ. ಚಿಲಕ ಹಾಕಿ ಬಂದಿವ್ನಿ.”

“ಹೋಗಿ ತಗಿ.”

*

ಸುಚಿತ್ರಾ ಶಾಲೆಯ ಸ್ವೆಟರ್ ಹಾಕಿಕೊಂಡು, ತಲೆ ಬಾಚಿಕೊಂಡು ಬಾಗಿಲಲ್ಲೇ ಕೂತಿದ್ದಳು. ಟೀವಿ ಹಚ್ಚಿರಲಿಲ್ಲ. ಅಪ್ಪನಿಗಿಂತ ಮುಂದೆ ಮುಂದೆ ನಡೆದಳು.

ಅಂಗಳದ ಜನ ದಾರಿ ಬಿಟ್ಟರು. ಲಕ್ಕಯ್ಯ ಬಾಯಿಗೆ ಹಾಕುವ ಅಕ್ಕಿಯನ್ನು ದೇವೀರಮ್ಮನದೇ ಮೊರದಲ್ಲಿ ಹರಡಿದ್ದ. “ಮೂರು ಸಲ ಹಾಕವ್ವ, ಚೂರ್ ಚೂರು,” ಎಂದು ಮೊರವನ್ನು ಮುಂದೆ ಹಿಡಿದ.

ಸುಚಿತ್ರಾ ಅಕ್ಕಿಯನ್ನು ನೋಡಿದಳು. ಸೊಸೈಟಿ ಅಕ್ಕಿ. “ಕಲ್ಲೈತೆ,” ಎಂದಳು.

ಮೊರ ಇಸಿದುಕೊಂಡು ದೇವೀರಮ್ಮನ ತಲೆಯ ಹತ್ತಿರ ನೆಲದಲ್ಲಿ ಕೂತಳು. ಮೊರವನ್ನು ತೊಡೆಯ ಮೇಲಿಟ್ಟು ಬೆರಳಿನಿಂದ ಅಕ್ಕಿ ಸರಿಸತೊಡಗಿದಳು. ಅಂಗಳದಲ್ಲಿ ಆ ಸಣ್ಣ ಸದ್ದು ಮಾತ್ರ ಇತ್ತು.

ಮೊದಲ ಕಲ್ಲು ಹೆಕ್ಕಿ, ಎಲ್ಲಿಡುವುದೆಂದು ಸುತ್ತ ನೋಡಿದಳು. ಧರ್ಮ ಅವಳ ಮುಂದೆ ಮಂಡಿಯೂರಿ ಅಂಗೈ ಒಡ್ಡಿದ. ಅವಳು ಕಲ್ಲನ್ನು ಅದರಲ್ಲಿಟ್ಟು, ಇನ್ನೊಂದನ್ನು ಹುಡುಕತೊಡಗಿದಳು.