ಕೂತಲ್ಲೇ ಎಂಟು ಸಾವಿರ ಹೆಜ್ಜೆ

ವೇಣೂರಿನಿಂದ ನಾರಾವಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಒಳಗೆ, ಮಣ್ಣಿನ ರಸ್ತೆ ಎರಡಾಗುವಲ್ಲಿ ವಾರಿಜಳ ಮನೆ. ಬೆಳಿಗ್ಗೆ ಗಂಜಿ ಕುಡಿದು, ಜಗಲಿಯಲ್ಲಿ ಕಾಲು ನೀಡಿ ಕೂತು, ಬೀಡಿಯ ಮೊರವನ್ನು ಮಡಿಲಿಗೆ ಎಳೆದುಕೊಂಡಳೆಂದರೆ ಅವಳು ಮತ್ತೆ ಏಳುವುದು ಮಧ್ಯಾಹ್ನದ ಊಟಕ್ಕೆ. ಉಂಡ ಮೇಲೆ ಪುನಃ ಮೊರ, ಪುನಃ ಬೀಡಿ. ಮೂವತ್ತು ವರ್ಷಗಳಿಂದ ಹೀಗೆಯೇ. ಎಲೆ ಸುತ್ತಿ, ಹೊಗೆಸೊಪ್ಪು ತುಂಬಿ, ತುದಿ ಮಡಚಿ, ನೂಲು ಬಿಗಿಯುವ ಅವಳ ಬೆರಳುಗಳು ನೀರೊಳಗೆ ಮೀನು ಹೊರಳಿದಷ್ಟು ಬೇಗ ಹೊರಳುತ್ತಿದ್ದವು.

ಆ ಬೆರಳುಗಳಿಗೆ ಈಚೆಗೆ ಜೋಮು ಹಿಡಿಯುತ್ತಿತ್ತು. ಮೊದಲು ಪಾದಕ್ಕೆ ಬಂದದ್ದು, ಈಗ ಕೈಗೂ ಬಂತು. ನೂಲು ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕು.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿದರು. ಖಾಲಿ ಹೊಟ್ಟೆಯಲ್ಲಿ ನೂರ ಎಂಬತ್ತೆರಡು.

"ಶುಗರ್ ಹೀಗೇ ಇದ್ದರೆ ಬೆರಳಿನ ನರ ಇನ್ನೂ ಸೋಲ್ತದೆ. ಮಾತ್ರೆ ಬಿಡಬೇಡಿ. ಜೊತೆಗೆ ದಿನಾ ನಡೆಯಿರಿ," ಅಂದರು.

ವಾರಿಜಳಿಗೆ ಮಾತು ಹಿಡಿಸಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ದುಡಿಯುವವಳಿಗೆ ನಡಿಗೆ ಬೇರೆ ಬೇಕೇ? ಆದರೆ ಬೆರಳು ಸೋತರೆ ಬೀಡಿ ಇಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಬೇರೆ ಕೆಲಸವನ್ನು ಆ ಕೈ ಕಲಿತಿರಲಿಲ್ಲ.

ವಿಷಯ ಕೇಳಿದ ತಮ್ಮ ಜಿತೇಶ ಮೂಡುಬಿದಿರೆಯ ಅಂಗಡಿಯಿಂದ ಒಂದು ಪೆಡೋಮೀಟರ್ ತಂದುಕೊಟ್ಟ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು, ಹಿಂದೆ ಒಂದು ಕ್ಲಿಪ್ಪು, ಎದುರಿಗೆ ಸಣ್ಣ ಗಾಜು. ನಡೆದ ಹೆಜ್ಜೆಯನ್ನೆಲ್ಲ ಅದೇ ಎಣಿಸುತ್ತದಂತೆ. "ಸೊಂಟಕ್ಕೆ ಸಿಕ್ಕಿಸು ಅಕ್ಕ," ಎಂದು ಹೇಳಿ ಅವನು ಬಸ್ಸು ಹಿಡಿದ. ಜೊತೆಗಿದ್ದ ಕಾಗದ ಇಂಗ್ಲಿಷಿನಲ್ಲಿತ್ತು.

ಸೊಂಟಕ್ಕೆ ಸಿಕ್ಕಿಸುವುದಾದರೂ ಎಲ್ಲಿ? ಮನೆಯಲ್ಲಿ ಅವಳು ತೊಡುವುದು ನೈಟಿ. ಹಿಡಿದರೆ ಬಟ್ಟೆ ಬರುತ್ತದೆಯೇ ಹೊರತು ಸೊಂಟ ಸಿಗುವುದಿಲ್ಲ. ಯೋಚಿಸಿ ಯೋಚಿಸಿ ಅದನ್ನು ಕರಿಮಣಿಗೆ ಸಿಕ್ಕಿಸಿಕೊಂಡಳು. ತಾಳಿಯ ಪಕ್ಕದಲ್ಲಿ ಅದೂ ಒಂದು ತೂಗಾಡಿತು.

ಸಂಜೆ ಗಂಡ ಭೋಜ ಹಾಲಿನ ಸೊಸೈಟಿಯ ಕೆಲಸ ಮುಗಿಸಿ ಸ್ಕೂಟರ್ ನಿಲ್ಲಿಸುವಾಗ ಅವಳು ಗಾಜನ್ನು ಅವನ ಮುಖಕ್ಕೆ ಹಿಡಿದಳು.

"ಎಂಟು ಸಾವಿರದ ಇನ್ನೂರು. ಡಾಕ್ಟರಮ್ಮನಿಗೆ ತೋರಿಸ್ಬೇಕು."

"ನೀನು ಎಲ್ಲಿಗೆ ಹೋಗಿದ್ದೆ ಮಾರಾಯ್ತಿ? ಬೆಳ್ತಂಗಡಿಗಾ?"

"ಎಲ್ಲಿಗೂ ಇಲ್ಲ. ಅಡುಗೆಕೋಣೆಗೆ, ಬಾವಿಕಟ್ಟೆಗೆ. ಹೆಂಗಸರ ಕೆಲಸ ನಿಮಗೆ ಕಾಣುವುದಿಲ್ಲ, ಇದಕ್ಕೆ ಕಾಣ್ತದೆ."

ವಾರಿಜ ಒಳಗೊಳಗೇ ಹಿಗ್ಗಿದಳು. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯ ರಾಜಕುಮಾರಿ, ಮಣೆಯ ಮೇಲೆ ಕೂತಂತೆಯೇ ಏಳು ಬೆಟ್ಟ ದಾಟಿ ಹೋಗುತ್ತಿದ್ದಳು. ತಾನೂ ಹಾಗೆ ಯಾರಿಗೂ ತಿಳಿಯದೆ ಬಹಳ ದೂರ ಹೋಗಿ ಬರುತ್ತಿದ್ದೇನೆ ಅನ್ನಿಸಿತು.

ಮರುದಿನ ಎಂಟೂವರೆ ಸಾವಿರ. ಆಮೇಲಿನ ದಿನ ಒಂಬತ್ತು. ಸಂಖ್ಯೆ ತುಂಬುತ್ತಿದೆಯಲ್ಲ ಎಂದು, ವಾರಕ್ಕೆರಡು ಸಲ ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ನಡೆದು ಹೋಗುತ್ತಿದ್ದದ್ದನ್ನೂ ಬಿಟ್ಟಳು. "ನೀವು ಸ್ಕೂಟರಿನಲ್ಲಿ ಹೋಗುವಾಗ ಕೊಟ್ಟುಬಿಡಿ. ನನ್ನ ಹೆಜ್ಜೆ ಆಯ್ತು," ಎಂದು ಚೀಲವನ್ನು ಗಂಡನ ಕೈಗಿತ್ತಳು.

ತಿಂಗಳು ಕಳೆದು ಪುನಃ ರಕ್ತ ಕೊಟ್ಟರೆ ಇನ್ನೂರ ನಾಲ್ಕು.

"ನಾನು ಅಂದೇ ಅಂದುಕೊಂಡೆ," ಅಂದ ಭೋಜ. "ನಡಿಗೆಯಿಂದ ಶುಗರ್ ಇಳಿಯುವುದಾದರೆ ಮಾತ್ರೆ ಕಂಪೆನಿಯವರು ಬದುಕುವುದು ಹೇಗೆ?"

ಆ ವಾರ ವಾರಿಜ ಕಟ್ಟಿದ ಬೀಡಿಯಲ್ಲಿ ಒಂದಷ್ಟನ್ನು ಸಡಿಲವೆಂದು ಬ್ರಾಂಚಿನಲ್ಲಿ ತೆಗೆದಿಟ್ಟಿದ್ದರು. ಮೂವತ್ತು ವರ್ಷಗಳಲ್ಲಿ ಅದು ಮೊದಲ ಸಲ.

ಎರಡು ದಿನ ಬಿಟ್ಟು ಆಶಾ ಕಾರ್ಯಕರ್ತೆ ಶಹಲಾ ಮನೆಗೆ ಬಂದಳು. ವಾರಿಜಳಿಗೆ ಮಗಳಾಗುವಷ್ಟು ಪ್ರಾಯ. ಮಾತು ಕಡಿಮೆ, ಕಣ್ಣು ಚುರುಕು.

"ದಿನಾ ಎಂಟು ಸಾವಿರ ನಡೆದೂ ಏರಿತಲ್ಲ ಶಹಲಾ. ನನ್ನ ಮೈಯೇ ಹೀಗಾ?" ವಾರಿಜ ಕೈ ನಿಲ್ಲಿಸದೆ ಕೇಳಿದಳು.

"ನಡೆದದ್ದು ಎಲ್ಲಿ ವಾರಿಜಕ್ಕ?"

"ಇಲ್ಲಿಯೇ. ಮನೆಯೊಳಗೆ."

ಶಹಲಾ ಹತ್ತಿರ ಬಂದು ಕೂತಳು. ವಾರಿಜ ಎಲೆ ಸುತ್ತಿದಳು, ನೂಲು ಎಳೆದಳು. ಎಳೆದಾಗೆಲ್ಲ ಭುಜ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಿತ್ತು. ಮೊರ ಅಲುಗುತ್ತಿತ್ತು, ಕರಿಮಣಿ ಅಲುಗುತ್ತಿತ್ತು.

"ಈಗ ಅದರಲ್ಲಿ ಎಷ್ಟು ಉಂಟು, ನೋಡಿ."

"ಎರಡು ಸಾವಿರದ ಮುನ್ನೂರ ಹನ್ನೊಂದು."

"ಇನ್ನು ಹತ್ತು ಬೀಡಿ ಕಟ್ಟಿ. ಏಳ್ಬೇಡಿ."

ಹತ್ತು ಬೀಡಿ ಕಟ್ಟಿ ವಾರಿಜ ಗಾಜು ನೋಡಿದಳು. ಎರಡು ಸಾವಿರದ ಮುನ್ನೂರ ನಲವತ್ತಾರು. ಅವಳ ಕಾಲು ನೀಡಿದಲ್ಲೇ ಇತ್ತು. ಕೈಯಲ್ಲಿದ್ದ ಎಲೆಯನ್ನು ಮೊರಕ್ಕೆ ಹಾಕಿದಳು.

"ಹಾಗಾದರೆ ನಾನು ನಡೆಯಲೇ ಇಲ್ಲ."

"ಯಂತ್ರಕ್ಕೆ ಅಲುಗಾಡಿದ್ದು ಮಾತ್ರ ಗೊತ್ತಾಗ್ತದೆ. ಅದು ಕಾಲಾ, ಕೊರಳಾ ಅಂತ ಗೊತ್ತಾಗುವುದಿಲ್ಲ. ಅದನ್ನು ಸರಿಯಾಗಿ ಕಟ್ಟುವ, ಏಳಿ," ಅಂದಳು ಶಹಲಾ.

ಅಂದು ಅಂಗಳದಲ್ಲಿ ಪಾಠವಾಯಿತು. ಪೆಡೋಮೀಟರ್ ನೈಟಿಯ ಒಳಗೆ, ಲಂಗದ ಲಾಡಿಗೆ, ಸೊಂಟದ ಪಕ್ಕದಲ್ಲಿ ಬಿಗಿಯಾಗಿ ಕೂತಿತು. "ಸೀರೆ ಉಟ್ಟ ದಿನವೂ ಹೀಗೆಯೇ, ಮೊಣಕಾಲಿಗೆ ನೇರವಾಗಿ. ಅದು ನಿಂತುಕೊಂಡಿರಬೇಕು, ಹೊಟ್ಟೆ ಮೇಲೆ ಮಲಗಬಾರದು," ಅಂದಳು ಶಹಲಾ. ಆಮೇಲೆ ವಾರಿಜಳನ್ನು ಹತ್ತು ಹೆಜ್ಜೆ ನಡೆಸಿ, ಶುರುವಾದಲ್ಲಿಂದ ನಿಂತಲ್ಲಿವರೆಗೆ ಟೇಪು ಹಿಡಿದಳು. ಐದು ಮೀಟರ್ ಇಪ್ಪತ್ತು ಸೆಂಟಿಮೀಟರ್. ಅದರ ಹತ್ತನೇ ಒಂದು ಪಾಲು, ಐವತ್ತೆರಡು ಸೆಂಟಿಮೀಟರ್, ಅವಳ ಒಂದು ಹೆಜ್ಜೆ. ಬದಿಯ ಗುಂಡಿ ಒತ್ತಿ ಹಿಡಿದು ಗಂಟೆ, ತೂಕ, ಹೆಜ್ಜೆಯ ಅಳತೆ ಮೂರನ್ನೂ ತುಂಬಿಸಿದರು.

"ಈಗ ಬಾಯಲ್ಲಿ ಎಣಿಸಿಕೊಂಡು ನೂರು ಹೆಜ್ಜೆ ಹೋಗುವ."

ಬಾಯಿಯ ಲೆಕ್ಕ ನೂರಾದಾಗ ಯಂತ್ರದ ಲೆಕ್ಕ ತೊಂಬತ್ತೇಳು.

"ಮೂರು ಕದ್ದಿತಲ್ಲ," ಅಂದಳು ವಾರಿಜ.

"ನಾಲ್ಕೈದರವರೆಗೆ ಕ್ಷಮಿಸಿಬಿಡಿ. ಹತ್ತು ದಾಟಿದರೆ ಕಟ್ಟಿದ ಜಾಗ ಸರಿಯಿಲ್ಲ ಅಂತ ಅರ್ಥ. ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಕೂತಾಗ ತೆಗೆದಿಡಿ. ಬೆಳಿಗ್ಗೆ ಎದ್ದು ಸೊನ್ನೆ ಮಾಡಿ, ಮಲಗುವಾಗ ಕ್ಯಾಲೆಂಡರಿನಲ್ಲಿ ಬರೆಯಿರಿ. ಈ ವಾರ ಹೆಚ್ಚು ನಡೆಯುವುದೇ ಬೇಡ. ಇದ್ದ ಹಾಗೆ ಇರಿ. ನಿಮ್ಮ ನಿಜವಾದ ಸಂಖ್ಯೆ ಯಾವುದು ಅಂತ ಮೊದಲು ತಿಳಿಯುವ."

ನಿಜವಾದ ಸಂಖ್ಯೆ ಸಾವಿರದ ಒಂಬೈನೂರು. ಅದನ್ನು ಕ್ಯಾಲೆಂಡರಿನಲ್ಲಿ ಬರೆಯುವಾಗ ವಾರಿಜಳಿಗೆ ನಾಚಿಕೆಯಾಯಿತು. ಜೊತೆಗೆ ಏನೋ ಸಮಾಧಾನವೂ ಆಯಿತು, ಮೈಯ ತಪ್ಪಲ್ಲವಲ್ಲ ಎಂದು.

ಎರಡನೇ ವಾರದಿಂದ ದಿನಕ್ಕೆ ಐನೂರು ಹೆಚ್ಚು. ಅದರ ಮುಂದಿನ ವಾರ ಮತ್ತೆ ಐನೂರು. ಪಾದಕ್ಕೆ ಸ್ಪರ್ಶ ಕಡಿಮೆಯಾದ್ದರಿಂದ ಬರಿಗಾಲು ಬೇಡ, ಮುಚ್ಚಿದ ಮೆತ್ತನೆಯ ಚಪ್ಪಲಿ ಹಾಕಬೇಕು, ಬಂದ ಮೇಲೆ ಪಾದ ಎತ್ತಿ ಗಾಯ ಉಂಟಾ ನೋಡಬೇಕು ಎಂದು ಶಹಲಾ ಹೇಳಿದ್ದಳು. ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ ಹೊಟ್ಟೆ ಖಾಲಿ ಇಟ್ಟು ಹೊರಡಬಾರದು, ಕೈ ನಡುಗಿ ಬೆವರು ಬಂದರೆ ಬಾಯಿಗೆ ಹಾಕಲು ಎರಡು ಮಿಠಾಯಿ ಇಟ್ಟುಕೊಳ್ಳಬೇಕು. ಎದೆ ಬಿಗಿದರೆ ನಿಂತುಬಿಡಬೇಕು, ಆಸ್ಪತ್ರೆಗೆ ಹೋಗಬೇಕು.

ಆದರೆ ಶಹಲಾ ಹೇಳದ ಕಷ್ಟವೊಂದಿತ್ತು. ಊರಿನಲ್ಲಿ ಹೆಂಗಸೊಬ್ಬಳು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆಯುವುದುಂಟೇ? ಮೊದಲ ದಿನವೇ ಊರಿನಲ್ಲಿ ಬಾಡಿಗೆ ಓಡಿಸುವ ಅಬ್ದುಲ್ ರಹಿಮಾನ್ ಅವಳ ಪಕ್ಕ ರಿಕ್ಷಾ ನಿಲ್ಲಿಸಿದ.

"ಹತ್ತಿ ವಾರಿಜಕ್ಕ. ಬಾಡಿಗೆ ಬೇಡ, ನಾನು ಆ ಕಡೆಗೇ."

ಬೇಡವೆಂದರೆ ಏನೆಂದುಕೊಳ್ಳುತ್ತಾನೋ ಎಂದು ಹತ್ತಿದಳು. ಎರಡನೇ ದಿನವೂ ಹತ್ತಿದಳು. ಸಂಜೆ ಕ್ಯಾಲೆಂಡರಿನಲ್ಲಿ ಪುನಃ ಸಾವಿರದ ಒಂಬೈನೂರು. ಮೂರನೇ ದಿನ ರಿಕ್ಷಾ ನಿಂತಾಗ ಅವಳು ರಸ್ತೆಯ ಬದಿಗೆ ಸರಿದು ನಿಂತಳು.

"ಇಲ್ಲ ರಹಿಮಾನ್. ನಾನು ಎಲ್ಲಿಗೂ ಹೋಗುವುದಲ್ಲ. ಶುಗರಿಗೆ ನಡೆಯುವುದು. ನನ್ನ ಬೆರಳು ಉಳೀಬೇಕು."

ಅವನು ರಿಕ್ಷಾದಿಂದ ತಲೆ ಹೊರಗೆ ಹಾಕಿದ. "ಮೊದಲೇ ಹೇಳ್ಬಾರದಾ? ಎರಡು ದಿನ ನಾನೇ ನಿಮ್ಮ ನಡಿಗೆ ತಿಂದೆ. ಇನ್ನು ಹಾರ್ನ್ ಮಾತ್ರ ಹೊಡೀತೇನೆ, ನಿಲ್ಲಿಸುವುದಿಲ್ಲ. ಬೇಜಾರು ಮಾಡ್ಬೇಡಿ," ಅಂದು ಹೊರಟ.

ಬೀಡಿಯ ಚೀಲವನ್ನು ಅವಳು ಗಂಡನಿಂದ ಹಿಂದಕ್ಕೆ ಪಡೆದಳು. ಬ್ರಾಂಚಿಗೆ ಹೋಗಿ ಬಂದರೆ ಎರಡು ಸಾವಿರದ ನಾನೂರು. ಗಂಟೆಗೊಮ್ಮೆ ಮೊರ ಕೆಳಗಿಟ್ಟು ಅಂಗಳಕ್ಕೆ ಎರಡು ಸುತ್ತು. "ಚಪ್ಪಲಿ ಸವೆಯುವುದೊಂದೇ ಲಾಭ," ಎಂದು ಭೋಜ ದಿನಾ ಹೇಳುತ್ತಿದ್ದ. ಅವಳು ದಿನಾ ಕೇಳಿಸಿಕೊಂಡು ಹೊರಡುತ್ತಿದ್ದಳು.

ಮೂರು ತಿಂಗಳಲ್ಲಿ ಕ್ಯಾಲೆಂಡರ್ ಆರು ಸಾವಿರಕ್ಕೆ ಬಂತು. ರಕ್ತ ಪರೀಕ್ಷೆಯ ಚೀಟಿ ನೂರ ಮೂವತ್ತೆಂಟಕ್ಕೆ ಇಳಿಯಿತು. ಜೋಮು ಪೂರ್ತಿ ಹೋಗಿರಲಿಲ್ಲ. "ಹೋಗ್ತದೆ ಅಂತ ಮಾತು ಕೊಡುವುದಿಲ್ಲ. ಆದರೆ ಮುಂದಕ್ಕೆ ಹೋಗದೆ ನಿಂತಿದೆ. ಮಾತ್ರೆ, ನಡಿಗೆ ಎರಡನ್ನೂ ಬಿಡಬೇಡಿ," ಅಂದರು ಡಾಕ್ಟರಮ್ಮ.

ಚೀಟಿಯನ್ನು ಭೋಜ ಎರಡು ಸಲ ಓದಿದ. ಮರುದಿನ ಸೊಸೈಟಿಗೆ ಹೊರಡುವ ಮೊದಲು, ಅವಳ ಮುಖ ನೋಡದೆಯೇ ಕೇಳಿದ:

"ಅದನ್ನು ಇವತ್ತೊಂದು ದಿನ ನನಗೆ ಕೊಡ್ತೀಯಾ?"

ಸ್ಕೂಟರಿನಲ್ಲಿ ಹೋಗುವಾಗ ಪೆಟ್ಟಿಗೆಯಲ್ಲಿ ಮಲಗಿಸಿಟ್ಟು, ಇಳಿದ ಮೇಲೆ ಪಂಚೆಯ ಬೆಲ್ಟಿಗೆ ಸಿಕ್ಕಿಸಬೇಕೆಂದು ವಾರಿಜಳೇ ಕಲಿಸಿಕೊಟ್ಟಳು. ಸಂಜೆ ಅವನು ಗಾಜು ತೋರಿಸಿದ. ಸಾವಿರದ ನಾನೂರು. ಅವಳು ನಗಲಿಲ್ಲ.

"ಸರಿಯಾದ ಸಂಖ್ಯೆ ಸಿಕ್ಕಿತಲ್ಲ. ಚಪ್ಪಲಿ ಹಾಕಿ, ಕತ್ತಲಾಗುವ ಮೊದಲು ಬಸ್‌ಸ್ಟಾಂಡಿನವರೆಗೆ ಹೋಗಿ ಬರುವ."

ಇಬ್ಬರೂ ಹೊರಟರು. ಹಿಂದಿನಿಂದ ಒಂದು ರಿಕ್ಷಾ ಹಾರ್ನ್ ಹೊಡೆದು, ನಿಲ್ಲದೆ ಹೋಯಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೀಡಿ ಕಟ್ಟುವವರು, ಹೊಲಿಯುವವರು, ಅಂಗಡಿಯಲ್ಲಿ ಕೂರುವವರು, ನಿಮಗೆ ದಣಿವು ಎಷ್ಟಿದೆಯೆಂದು ನಮಗೆ ಗೊತ್ತು. ಆದರೆ ದಣಿದದ್ದೆಲ್ಲ ನಡೆದದ್ದಲ್ಲ. ಪೆಡೋಮೀಟರ್ ಇದ್ದರೆ ಸೊಂಟಕ್ಕೆ ಬಿಗಿದು, ನೂರು ಹೆಜ್ಜೆ ಎಣಿಸಿ ಪರೀಕ್ಷಿಸಿಕೊಳ್ಳಿ. ಇಲ್ಲದಿದ್ದರೆ ಮನೆಯಿಂದ ಅಂಗಡಿಗೆ ಎಷ್ಟು ಹೆಜ್ಜೆಯೆಂದು ಒಮ್ಮೆ ಬಾಯಲ್ಲಿ ಎಣಿಸಿಟ್ಟುಕೊಳ್ಳಿ, ಅದೇ ನಿಮ್ಮ ಅಳತೆ. ಶುಗರ್, ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿಯೇ ಶುರು ಮಾಡಿ. ಮೊದಲ ವಾರದ ಸಂಖ್ಯೆ ಸಣ್ಣದಿದ್ದರೆ ಅಡಗಿಸಬೇಡಿ, ಬರೆದಿಡಿ. ಮುಂದಿನ ವಾರ ಅದಕ್ಕೆ ದಿನಕ್ಕೆ ಐನೂರು ಸೇರಿಸಿ.